ಇನ್ನೊಂದ್ ದಿನಾ ಇದ್ದು ಹೋಗ್ರಿ

ಗಿಡಗನಮಡ್ಡಿಯ ಗಾಳಿ ಎಂಥದ್ದೆಂದರೆ, ಇಲ್ಲಿಯ ಗಂಡಸರು ಮೀಸೆ ತಿರುವುವುದಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಒಂದು ಸಲ ನಿಂತು ಬಂದರೆ ಅದು ತಾನೇ ತಿರುವಿಕೊಂಡಿರುತ್ತದೆ. ನಮ್ಮ ಲಗಮಪ್ಪನ ಟೊಪ್ಪಿಗೆ ಒಮ್ಮೆ ಇಲ್ಲಿಂದ ಹಾರಿ ಕಲ್ಲೋಳಿಯಲ್ಲಿ ಇಳಿಯಿತು. ಇವನು ಹುಡುಕಿಕೊಂಡು ಹೋಗುವಷ್ಟರಲ್ಲಿ ಅಲ್ಲೊಬ್ಬ ಅದನ್ನು ಹಾಕಿಕೊಂಡು ಬದನೆಕಾಯಿ ಮಾರುತ್ತಿದ್ದ; ತಾನೇ ಲಗಮಪ್ಪ ಎಂದು ವಾದಕ್ಕೂ ನಿಂತ. ಇದನ್ನು ನಂಬದಿದ್ದವರು ಬಿಡಲಿ. ಈಗ ಹೇಳುವುದನ್ನು ಮಾತ್ರ ನಂಬಬೇಕು. ಇದರಲ್ಲಿ ಒಬ್ಬ ಬಸುರಿ ಇದ್ದಾಳೆ, ಬಸುರಿಯರ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

ಗೋಕಾಕಕ್ಕೂ ಹುಕ್ಕೇರಿಗೂ ನಡುವೆ ಗುಡ್ಡದ ನೆತ್ತಿಯ ಮೇಲೆ ಕೂತ ಊರು ನಮ್ಮದು. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಸದ್ದು ಇಲ್ಲಿಯವರೆಗೆ ಕೇಳುತ್ತದೆ. ಫಾಲ್ಸ್ ನೋಡಲು ಬರುವ ಜನ ಅರ್ಧ ತಾಸು ನಿಂತು, ಫೋಟೋ ಹೊಡೆದು, ಗೋಕಾಕದ ಕರದಂಟು ಕಟ್ಟಿಸಿಕೊಂಡು ಹೋಗಿಬಿಡುತ್ತಾರಲ್ಲ, ಅವರಲ್ಲಿ ನಾಲ್ಕು ಮಂದಿ ನಮ್ಮ ಗುಡ್ಡಕ್ಕೂ ಬರಲಿ ಎಂದು ಊರವರೆಲ್ಲ ಸೇರಿ ಒಂದು ಲಾಡ್ಜ್ ಮಾಡಿದೆವು. ಲಾಡ್ಜ್ ಎಂದರೆ ತವರಿನಲ್ಲೇ ಉಳಿದ ವಿಧವೆ ಅಲ್ಲವ್ವನ ಮನೆಯ ಒಳಗಿನ ಖೋಲಿ. ಊರಲ್ಲಿ ಗಾಳಿ ನುಗ್ಗದ ಖೋಲಿ ಅದೊಂದೇ. ಗೋಡೆ ಮೊಳಕ್ಕಿಂತ ದಪ್ಪ. ಮಂಚ, ಗಾದಿ, ಹಿಂದೆ ಒಂದು ಕುರ್ಚಿ ಸಂಡಾಸು ಎಲ್ಲ ಮಾಡಿದೆವು. ಪ್ರವಾಸಿಗಳು ಬಂದಾಗ ಅಲ್ಲವ್ವ ಪಕ್ಕದ ದನದ ಕೊಟಗಿಯಲ್ಲಿ ಎಮ್ಮೆಯ ಜೊತೆ ಮಲಗಬೇಕು. ಊಟ ಮಾತ್ರ ಊರಿನ ಪಾಳಿ: ಇವತ್ತು ಒಂದು ಮನೆ, ನಾಳೆ ಇನ್ನೊಂದು. ಬಂದ ಲಾಭ ಎಲ್ಲರಿಗೂ ಸಮ. ಅಧ್ಯಕ್ಷ ಲಗಮಪ್ಪ. ಬಂದವರಿಗೆ ಗುಡ್ಡ ತೋರಿಸಿ, ಇಲ್ಲದ ಕತೆ ಹೇಳುವ ಕೆಲಸ ನನ್ನದು.

ಖೋಲಿಯ ಗೋಡೆಗೆ ಒಂದು ಬೋರ್ಡನ್ನೂ ಬರೆಸಿದೆವು: ‘ಸ್ಥಳೀಯರ ಆತಿಥ್ಯವನ್ನು ದಯವಿಟ್ಟು ನಿರಾಕರಿಸಬೇಡಿ.’ ರೊಟ್ಟಿ ಬಿಟ್ಟು ಏಳುವವರಿಗೆಂದು ಬರೆಸಿದ್ದು. ಅದೇ ನಮ್ಮ ಕುತ್ತಿಗೆಗೆ ಬಂತು.

ಮಳೆ ಹಿಂದಾದ ಮೇಲೆ ಮೈಸೂರಿನಿಂದ ಶ್ರೀವತ್ಸ ಎನ್ನುವವರು ತಮ್ಮ ಕಾರಿನಲ್ಲಿ ಬಂದರು. ನಡುವಯಸ್ಸು, ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ, ಹಕ್ಕಿಗಳ ಹುಚ್ಚು. ಬಂದದ್ದು ಎರಡು ದಿನಕ್ಕೆ. ಎರಡು ದಿನ ಮುಗಿಯಿತು, ಬ್ಯಾಗು ಹಿಡಿದು ಪಡಸಾಲೆಗೆ ಬಂದರು, ಕೈಮುಗಿದರು. ಅಲ್ಲವ್ವ ಎಮ್ಮೆ ಹಿಂಡುತ್ತಿದ್ದವಳು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಯಾರಿಗಾದರೂ ಹೇಳುವ ಮಾತನ್ನೇ ಹೇಳಿದಳು.

“ಇಷ್ಟ್ ಲಗೂನ ಹೊಂಟ್ರೇನ್ರಿ? ಏನ್ ಅವಸರ ಐತಿ? ಇನ್ನೊಂದ್ ದಿನಾ ಇದ್ದು ಹೋಗ್ರಲಾ.”

ನಮ್ಮ ಕಡೆ ಇದಕ್ಕೆ ಉತ್ತರ ಇದೆ. “ಇಲ್ಲ ಬೇ, ಮನ್ಯಾಗ ಕೆಲಸ ಅದಾವು, ಮತ್ತ ಬರ್ತೇವಿ” ಎನ್ನಬೇಕು. ಇವಳು ಇನ್ನೊಮ್ಮೆ ಅನ್ನಬೇಕು, ಅವರು ಇನ್ನೊಮ್ಮೆ ಒಲ್ಲೆ ಅನ್ನಬೇಕು. ಮೂರನೆಯ ಸಲ ಅಂದಾಗ ಕಾಲು ಹೊಸ್ತಿಲಾಚೆ ಇರಬೇಕು. ಮೈಸೂರಿನವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರು ಒಮ್ಮೆ ಬೋರ್ಡನ್ನು ನೋಡಿದರು, ಒಮ್ಮೆ ಅಲ್ಲವ್ವನನ್ನು.

“ಇಷ್ಟು ಪ್ರೀತಿಯಿಂದ ಹೇಳ್ತಿದೀರಿ, ಹೇಗಮ್ಮಾ ಇಲ್ಲ ಅನ್ನೋದು? ಒಂದು ದಿನ ತಾನೇ. ಇರ್ತೀನಿ ಬಿಡಿ.”

ಬ್ಯಾಗು ಒಳಗೆ ಹೋಯಿತು. ಅಲ್ಲವ್ವ ಎಮ್ಮೆಯ ಕಡೆ ನೋಡಿದಳು. ಎಮ್ಮೆ ಬೇರೆ ಕಡೆ ನೋಡಿತು.

ಮರುದಿನ ಪಾಳಿ ಲಗಮಪ್ಪನ ಮನೆಯದು. ಬೆಳಿಗ್ಗೆ ನಾಷ್ಟಾ ಮುಗಿಸಿ ಅವರು ಹೊರಟು ನಿಂತರು. ಲಗಮಪ್ಪ ಅಧ್ಯಕ್ಷ, ಒಂದು ಮಾತು ಹೆಚ್ಚೇ ಹೇಳಿದ. “ಅದ್ಹೆಂಗ್ರೀ ಸಾಹೇಬ್ರ? ಅಲ್ಲವ್ವಗ ಒಂದು ದಿನಾ ಕೊಟ್ರಿ, ನಮಗ ಇಲ್ಲೇನ?” ಅವರು ಇದ್ದರು. ಅದರ ಮರುದಿನ ರಮಜಾನಸಾಬನ ಪಾಳಿ. ಅವನ ಹೆಂಡತಿ ಹಮೀದಾಬಿ ಬಾಗಿಲಲ್ಲಿ ನಿಂತು, “ನಮ್ಮ ಮನಿದು ಒಂದ್ ತುತ್ತು ಉಣ್ಣಲಾರದ ಹೋದ್ರ ಜೀವಕ್ಕ ಸಮಾಧಾನ ಆಗೂದಿಲ್ರಿ” ಎಂದಳು. ಇದ್ದರು. ಹೀಗೆ ಪಾಳಿ ಊರು ಸುತ್ತಿ ಬಂದು ಮತ್ತೆ ಸುತ್ತತೊಡಗಿತು. ನಾವೇ ‘ಇರ್ರಿ’ ಎಂದು ಉಳಿಸಿಕೊಂಡವರ ಹತ್ತಿರ ಬಾಡಿಗೆ ಕೇಳುವಂತೆಯೂ ಇರಲಿಲ್ಲ.

ಹೋಗಿ ಎಂದು ಹೇಳಿದರಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮೂರ ಕೆಳಗಿನ ಓಣಿಯಲ್ಲಿ ಒಂದು ಮನೆತನವಿದೆ. ಅವರ ಮುತ್ತಜ್ಜ ಒಬ್ಬ ಅತಿಥಿಗೆ “ಏಳಪ್ಪಾ, ಸಾಕು” ಎಂದಿದ್ದನಂತೆ. ಆ ಅತಿಥಿ ಕಳ್ಳ, ಮನೆಯ ತಾಮ್ರದ ಹಂಡೆಯನ್ನು ಆಗಲೇ ಕಂಬಳಿಯಲ್ಲಿ ಸುತ್ತಿದ್ದ. ಕಳ್ಳ ಹೋದ, ಹಂಡೆಯೂ ಹೋಯಿತು, ಹೆಸರು ಉಳಿಯಿತು. ಇವತ್ತಿಗೂ ಅದು ‘ಎಬ್ಬಿಸಿದವರ ಮನಿ’. ಆ ಮನೆಯ ಹುಡುಗಿಯರಿಗೆ ವರ ನೋಡಲು ನಿಡಸೋಸಿಯ ಆಚೆಗೆ ಹೋಗಬೇಕು, ಇತ್ತ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರತಿ ಮನೆಯೂ ಬೆಳಿಗ್ಗೆ ‘ಇರ್ರಿ’ ಎನ್ನುತ್ತಿತ್ತು; ನಾಳೆಯ ಮನೆ ಕಳಿಸಿಬಿಡಲಿ ಎಂದು ರಾತ್ರಿ ದೇವರಿಗೆ ಕೈಮುಗಿಯುತ್ತಿತ್ತು. ದೇವರ ಮನೆಗೂ ಪಾಳಿ ಇದ್ದಿದ್ದರೆ ಅವನೂ ‘ಇರ್ರಿ’ ಎನ್ನುತ್ತಿದ್ದ.

ಇದು ನಗುವ ವಿಷಯವಾಗಿ ಉಳಿಯಬಹುದಿತ್ತು, ಸುಮನ್ ಇಲ್ಲದಿದ್ದರೆ.

ಸುಮನ್ ಅಲ್ಲವ್ವನ ಒಬ್ಬಳೇ ಮಗಳು. ಮೂಡಲಗಿಗೆ ಕೊಟ್ಟಿದೆ. ಚೊಚ್ಚಲ ಬಸುರಿ, ಕುಬಸ, ಅಂದರೆ ಸೀಮಂತ, ಮುಗಿದು ತವರಿಗೆ ಬರಬೇಕಾದವಳು. ಅಲ್ಲವ್ವ ಹುಟ್ಟಿದ್ದು ಆ ಖೋಲಿಯಲ್ಲಿ, ಸುಮನ್‌ಳನ್ನು ಹಡೆದದ್ದು ಅದೇ ಖೋಲಿಯಲ್ಲಿ. ಬಾಣಂತಿಯ ಉಂಡೆಗೆಂದು ಅಳವಿ ಕಾಳು, ಒಣಕೊಬ್ಬರಿ, ಅಂಟು ಎಲ್ಲ ಗಡಿಗೆಗಳಲ್ಲಿ ತುಂಬಿಟ್ಟಿದ್ದಳು. ಬಾಣಂತಿಯ ಹೊರಸಿನ ಕೆಳಗೆ ಇಡುವ ಕೆಂಡದ ಬೋಗುಣಿಗೆ ಹೊಸ ಮಣ್ಣು ಮೆತ್ತಿ ಒಣಗಿಸಿದ್ದಳು. ಮೂಡಲಗಿಯ ಬೀಗತಿ ಎಂಥವಳೆಂದರೆ ಹಿರಿಯ ಸೊಸೆ ಹಡೆದ ವಾರಕ್ಕೇ ಅವಳ ಕೈಲಿ ರೊಟ್ಟಿ ತಟ್ಟಿಸಿದ್ದಳು. ಆ ಸೊಸೆ ಇವತ್ತಿಗೂ ಗೋಡೆ ಹಿಡಿದು ಏಳುತ್ತಾಳೆ.

ಸುಮನ್ ದಿನಾ ಫೋನ್ ಮಾಡುತ್ತಿದ್ದಳು. ಅಲ್ಲವ್ವ ಗುಡ್ಡದ ಬಂಡೆ ಹತ್ತಿ ಮಾತಾಡಬೇಕು, ಕೆಳಗೆ ನೆಟ್‌ವರ್ಕನ್ನೂ ಗಾಳಿ ಒಯ್ಯುತ್ತದೆ. ಒಂದು ದಿನ ನಾನೂ ಅಲ್ಲೇ ಇದ್ದೆ.

“ಯವ್ವಾ, ಹೋದನೇನ ಅವಾ?”

“ನಾಳಿ ಹೋಗ್ತಾನವ್ವಾ.”

“ನಿನ್ನಿನೂ ನಾಳಿ ಅಂದಿ. ಅತ್ತಿ ಏನಂತಾಳ ಗೊತ್ತೈತೇನ? ‘ನಿಮ್ಮವ್ವನ ಮನ್ಯಾಗ ಪಾವಣ್ಯಾಗ ಜಾಗಾ ಐತಿ, ಮಗಳಿಗಿಲ್ಲ’ ಅಂತಾಳ. ಅಮಾಸಿ ದಾಟಿದ್ರ ಹೊಸ್ತಿಲಾ ದಾಟಸೂದಿಲ್ಲ ಅಂದಾಳ. ಇಲ್ಲೇ ಹಡೀಬೇಕಂತ. ನಾ ಇಲ್ಲೆ ಹಡದ್ರ ಸಾಯ್ತೀನಿ ಬೇ.”

“ಹಂಗ ಅನಬ್ಯಾಡ!”

“ಮತ್ತ ಅವಂಗ ಏಳಂತ ಹೇಳು!”

ಅಲ್ಲವ್ವ ಫೋನನ್ನು ಎದೆಗೆ ಒತ್ತಿಕೊಂಡು ನಿಂತಳು. ಗಾಳಿ ಅವಳ ಸೆರಗನ್ನು ಜಗ್ಗುತ್ತಿತ್ತು. ನಾನು ಸಮಾಧಾನಕ್ಕೆಂದು ಒಂದು ಕತೆ ಹೇಳಲು ಬಾಯಿ ತೆರೆದೆ. “ಸುಮ್ನಿರೋ ಖೋಡಿ” ಎಂದಳು.

ಅವತ್ತೇ ಲಗಮಪ್ಪ ಸಭೆ ಕರೆದ. ಹೇಳದೆ ಕಳಿಸುವುದು ಹೇಗೆ ಎಂಬುದೇ ವಿಷಯ. ಮಗಳು ಬರುತ್ತಾಳೆ ಎಂದರೂ, ಬೇರೆ ಮನೆಗೆ ನಡೆಯಿರಿ ಎಂದರೂ ಎಬ್ಬಿಸಿದ ಲೆಕ್ಕವೇ.

“ಊಟ ಕೆಡಸೂಣು,” ಎಂದ ರಮಜಾನಸಾಬ. “ಮನಶ್ಯಾ ಅಂದ ಮ್ಯಾಲೆ ನಾಲಗಿ ಇರತೈತಿ.”

ಕೆಡಿಸಿದೆವು. ತಂಗಳ ಜೋಳದ ರೊಟ್ಟಿ, ಮೇಲೆ ಕೆಂಪು ಖಾರ, ನೀರು ಮಜ್ಜಿಗೆ. ಶ್ರೀವತ್ಸ ಅದನ್ನು ಮೂರು ದಿಕ್ಕಿನಿಂದ ಫೋಟೋ ತೆಗೆದು, ಕಣ್ಣಲ್ಲಿ ನೀರು ತುಂಬಿಕೊಂಡು ತಿಂದು, “ಇದಪ್ಪಾ ಅಸಲಿ ಊಟ! ಇಷ್ಟು ದಿನ ಯಾಕೆ ಮುಚ್ಚಿಟ್ರಿ?” ಎಂದು ಕೇಳಿದರು. ಕೆಲಸಕ್ಕೆ ಹಚ್ಚೋಣ ಎಂದೆ ನಾನು. ಹೊಲದ ಕಲ್ಲು ಆರಿಸಲು ಕಳಿಸಿದೆವು, ಸಗಣಿ ಸಾರಿಸಲು ಕೂರಿಸಿದೆವು. ಅವರು ಮೊಣಕೈವರೆಗೂ ಸಗಣಿ ಮಾಡಿಕೊಂಡು ಆನಂದದಿಂದ ಗೆಳೆಯರಿಗೆ ವಿಡಿಯೋ ಕಳಿಸಿದರು. ಗೆಳೆಯರು ತಾವೂ ಬರುತ್ತೇವೆ ಎಂದು ಉತ್ತರ ಬರೆದರು. ಆ ಸುದ್ದಿ ಕೇಳಿದ ರಾತ್ರಿ ಊರಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಕೊನೆಗೆ ಉಳಿದದ್ದು ಬುತ್ತಿ. ಬುತ್ತಿ ಕಟ್ಟಿ ಕೈಗೆ ಕೊಟ್ಟರೆ ದಾರಿ ಹಿಡಿಯಬೇಕು. ಹೇಳಿದಂತೆಯೂ ಅಲ್ಲ, ಹೇಳದಂತೆಯೂ ಅಲ್ಲ. ಹಮೀದಾಬಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಎಲ್ಲ ಬಿಳಿ ಅರಿವೆಯಲ್ಲಿ ಗಂಟು ಹಾಕಿ ಎರಡೂ ಕೈಯಿಂದ ಕೊಟ್ಟಳು. ಊರು ಉಸಿರು ಹಿಡಿದು ನೋಡುತ್ತಿತ್ತು. ಅವರು ಗಂಟು ತೆಗೆದುಕೊಂಡು ಗುಡ್ಡದ ಬಂಡೆ ಹತ್ತಿದರು, ಹಕ್ಕಿ ನೋಡುತ್ತ ಉಂಡರು, ಸಂಜೆಗೆ ಇಳಿದು ಬಂದು ಅರಿವೆಯನ್ನು ತೊಳೆದು ವಾಪಸ್ ಕೊಟ್ಟರು. “ನಾಳೆನೂ ಹೀಗೇ ಕಟ್ಟಿಕೊಡ್ತೀರಾ?”

ಅಮಾವಾಸ್ಯೆ ಹತ್ತಿರ ಬಂತು. ಅಲ್ಲವ್ವ ಊಟ ಬಿಟ್ಟಳು. ಒಂದು ಬೆಳಿಗ್ಗೆ ನಾನು ಹೋದಾಗ ಕೊಟಗಿಯಲ್ಲಿ ಎಮ್ಮೆಯ ಮುಂದೆ ಕೂತು, “ಏಳ್ರಿ. ನನ್ನ ಮಗಳು ಬರ್ತಾಳ್ರಿ. ಏಳ್ರಿ” ಎಂದು ರೂಢಿ ಮಾಡುತ್ತಿದ್ದಳು. ಎಮ್ಮೆ ನಿಜವಾಗಿ ಎದ್ದು ನಿಂತಿತು. ಅಷ್ಟರ ಮಟ್ಟಿಗೆ ಚೆನ್ನಾಗಿ ಹೇಳುತ್ತಿದ್ದಳು.

“ಹೆಸರ ಕೆಟ್ರ ಕೆಡ್ಲಿ,” ಎಂದಳು ನನ್ನ ಕಡೆ ತಿರುಗಿ. “ಎಬ್ಬಿಸಿದಾಕಿ ಅನ್ನಲಿ. ನನಗ ಇನ್ನೊಬ್ಬ ಮಗಳಿಲ್ಲ ಕೊಡಾಕ.”

ಎದ್ದು ಪಡಸಾಲೆಗೆ ಹೋದಳು. ಶ್ರೀವತ್ಸ ದಿನದಂತೆ ಬ್ಯಾಗು ಹಿಡಿದು ನಿಂತಿದ್ದರು. ಆ ಮನುಷ್ಯನೂ ಸೊರಗಿದ್ದ, ಅದನ್ನು ನಾನು ಅವತ್ತೇ ಗಮನಿಸಿದೆ. ಗಡ್ಡ ಬಂದಿತ್ತು. ಅಂಗಿಯ ಮೇಲೆ ಸಗಣಿಯ ಕಲೆ. ಹಿಂದಿನ ದಿನ ಬಂಡೆಯ ಮೇಲೆ ಹೆಂಡತಿಯ ಜೊತೆ ಫೋನಲ್ಲಿ ಮಾತಾಡುವಾಗ ಅವರ ದನಿ ನಡುಗುತ್ತಿತ್ತು. “ನಾನೇನು ಮಾಡ್ಲಿ? ಅವರು ಬಿಡ್ತಾ ಇಲ್ಲ” ಎಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಅಲ್ಲವ್ವ ಎದುರು ನಿಂತಳು. “ಸಾಹೇಬ್ರ…” ಎಂದಳು. “ಸಾಹೇಬ್ರ, ನೀವು…” ಮುಂದಿನ ಮಾತು ಬರಲೇ ಇಲ್ಲ. ಅದರ ಬದಲು ಅಳು ಬಂತು. ಸಣ್ಣ ಅಳುವಲ್ಲ, ಗಂಡ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಕಂಬ ಹಿಡಿದು ಕುಸಿದಳು.

ಶ್ರೀವತ್ಸರ ಮುಖ ಬಿಳಿಚಿತು. ಬ್ಯಾಗು ಕೈಯಿಂದ ಜಾರಿತು.

“ಅಳಬೇಡಿ ಅಮ್ಮಾ,” ಎಂದರು, ತಾವೂ ಅಳುತ್ತ. “ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ.”

ಅವತ್ತು ಮಧ್ಯಾಹ್ನ ರಮಜಾನಸಾಬ ಗೊಬ್ಬರ ತರಲು ಗೋಕಾಕಕ್ಕೆ ಹೋದವನು ಟ್ರ್ಯಾಕ್ಟರಿನಲ್ಲಿ ಗೊಬ್ಬರದ ಬದಲು ಸುಮನ್‌ಳನ್ನು ತಂದ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತಿದ್ದಳಂತೆ. ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ, ಒಂದು ಚೀಲ ಹಿಡಿದು ಮೂಡಲಗಿಯಿಂದ ಬಸ್ಸು ಹತ್ತಿದ್ದಳು. ಟ್ರೇಲರಿನಿಂದ ಇಳಿದವಳು ತಾಯಿಯ ಕಡೆಗೂ ನೋಡಲಿಲ್ಲ. ಸೊಂಟಕ್ಕೆ ಕೈ ಕೊಟ್ಟುಕೊಂಡು ನೇರ ಖೋಲಿಯ ಬಾಗಿಲಿಗೆ ಹೋದಳು. ಅವಳಿಗಿಂತ ಮೊದಲು ಅವಳ ಹೊಟ್ಟೆ ಒಳಗೆ ಹೋಯಿತು.

“ಏಳ್ರಿ.”

ಊರಿಗೆ ಊರೇ ಪಡಸಾಲೆಯಲ್ಲಿ ನಿಂತಿತ್ತು. ಯಾರೋ ಹೆಂಗಸು “ಯವ್ವಾ!” ಎಂದು ಬಾಯಿ ಮುಚ್ಚಿಕೊಂಡಳು.

“ಇದು ನನ್ನ ಬಾಣಂತನದ ಖೋಲಿ. ನಾ ಹಡೀಬೇಕು. ನಿಮ್ಮ ಮನಿಗೆ ನೀವು ಹೋಗ್ರಿ.”

“ಸುಮೀ!” ಲಗಮಪ್ಪ ಹೌಹಾರಿದ. “ಪಾವಣ್ಯಾರಿಗೆ ಹಂಗ ಅಂತಾರೇನ? ಊರ ಹೆಸರ…”

“ಊರ ಹೆಸರ ಯಾಕ ಕೆಡತೈತಿ ಕಾಕಾ? ನಾ ಈ ಊರಾಕಿ ಅಲ್ಲ, ಕೊಟ್ಟ ಹೆಣ್ಣು. ಕೆಟ್ರ ಮೂಡಲಗಿ ಮನಿದು ಕೆಡತೈತಿ. ಕೆಡ್ಲಿ.”

ಇದು ಯಾರ ತಲೆಗೂ ಹೊಳೆದಿರಲಿಲ್ಲ. ಲಗಮಪ್ಪ ಬಾಯಿ ತೆರೆದವನು ಹಾಗೇ ನಿಂತ. ಅಷ್ಟು ಹೊತ್ತಿನಲ್ಲಿ ಎಷ್ಟು ಗಾಳಿ ಕುಡಿದನೋ.

ಶ್ರೀವತ್ಸ ಹೊರಗೆ ಬಂದರು. ಜೈಲಿನಿಂದ ಬಿಡುಗಡೆಯಾದವರ ಮುಖ. “ಅಂದರೆ… ನಾನು ಹೋಗಬಹುದಾ? ನಿಜವಾಗಿ? ಇವರು ದಿನಾ ಇರಿ ಇರಿ ಅಂತ…”

“ಎಲ್ಲಾರಿಗೂ ಅಂತಾರ್ರೀ. ಅದು ಬಾಯಿ ಮಾತು. ಹೊಂಟವರು ಹೊಳ್ಳಿ ನೋಡಬಾರದು. ಹಿಂದ ಬಂದು ಕಾಲಿಗೆ ಬಿದ್ರೂ ನಿಂದ್ರಬ್ಯಾಡ್ರಿ. ತಿಳೀತಿಲ್ಲೋ?”

“ತಿಳೀತು,” ಎಂದರು ಅವರು. “ಚೆನ್ನಾಗಿ ತಿಳೀತು ತಾಯಿ.” ಆ ಬಸುರಿಗೆ ಬಗ್ಗಿ ನಮಸ್ಕಾರ ಮಾಡಿ, ಕಾರು ಹತ್ತಿ, ಗುಡ್ಡ ಇಳಿಯತೊಡಗಿದರು. ಊರಿನವರೆಲ್ಲರ ಬಾಯಿಯ ತುದಿಗೆ ಆ ಮಾತು ಬಂದಿತ್ತು. ಹಲ್ಲು ಕಚ್ಚಿ ತಡೆದೆವು.

ಅಲ್ಲವ್ವ ಮಂಚದ ಗಾದಿ ಕೊಡವಿ, ಮಗಳ ಹೊರಸು ಹಾಕಿ, ಬೋಗುಣಿಗೆ ಕೆಂಡ ತುಂಬುತ್ತಿದ್ದಳು. ಸುಮನ್ ಗೋಡೆಗೆ ಕೈ ಇಟ್ಟು ಬಗ್ಗಿದಳು.

“ಯವ್ವಾ… ಬ್ಯಾನಿ.”

“ದಿನಾ ತುಂಬಿಲ್ಲಲ್ಲೇ ಇನ್ನಾ!”

ಹಮೀದಾಬಿ ಒಳಗೆ ಹೋದಳು. ಊರಿನ ಅರ್ಧ ಮಂದಿಯನ್ನು ಅವಳೇ ಹೊರಗೆ ತೆಗೆದಿದ್ದಾಳೆ. ಅವಳ ಮುಖ ಕೆಟ್ಟರೆ ಏನೋ ಕೆಟ್ಟಿದೆ ಎಂದೇ ಅರ್ಥ. ಹೊರಗೆ ಬಂದಾಗ ಅವಳ ಮುಖ ಕೆಟ್ಟಿತ್ತು.

“ಕೂಸು ಅಡ್ಡ ಐತಿ. ನನ್ನ ಕೈಲಿ ಆಗೂದಿಲ್ಲ. ದವಾಖಾನಿಗೆ ಒಯ್ಯಬೇಕು, ಈಗಿಂದೀಗ. ಟ್ರ್ಯಾಕ್ಟರ್ ಬ್ಯಾಡ, ಆ ಕಲ್ಲಿನ ದಾರ್ಯಾಗ ಕುಲುಕಿದ್ರ ಇಬ್ಬರೂ ಉಳಿಯೂದಿಲ್ಲ.”

ನಾನು ಬಂಡೆ ಹತ್ತಿ ಆಂಬುಲೆನ್ಸಿಗೆ ಫೋನ್ ಹಚ್ಚಿದೆ. ಹೊರಟಿದೆ ಎಂದರು, ಆದರೆ ಗೋಕಾಕದಿಂದ ಗುಡ್ಡ ಹತ್ತಿ ಬಂದು ಮತ್ತೆ ಇಳಿಯಬೇಕು. ಊರಲ್ಲಿದ್ದ ಒಂದೇ ಕಾರು ಕೆಳಗೆ, ಎರಡನೆಯ ತಿರುವಿನಲ್ಲಿ, ಕೆಂಪು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು.

ಅಲ್ಲವ್ವ ಓಡಿದಳು. ಬರಿಗಾಲಲ್ಲಿ, ಸೆರಗು ನೆಲಕ್ಕೆ ಎಳೆಯುತ್ತ. “ಹೋಗಬ್ಯಾಡ್ರೀ! ಸಾಹೇಬ್ರ, ನಿಂದರ್ರೀ! ಕಾಲಿಗೆ ಬೀಳ್ತೀನ್ರೀ, ಹೋಗಬ್ಯಾಡ್ರೀ!” ಅವಳ ಹಿಂದೆ ಊರೇ ಓಡಿತು. ಮುದುಕರು, ಹೆಂಗಸರು, ನಾಯಿಗಳು, ಎಲ್ಲರೂ “ಹೋಗಬ್ಯಾಡ್ರಿ!”

ಕಾರು ಒಂದು ಕ್ಷಣ ನಿಧಾನವಾಯಿತು. ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಪ್ರೀತಿಯಿಂದ, ಗಟ್ಟಿ ಮನಸ್ಸಿನಿಂದ ಬೀಸಿತು. ಕಾರು ಮತ್ತೆ ವೇಗ ಹಿಡಿಯಿತು.

ಅಷ್ಟರಲ್ಲಿ ಲಗಮಪ್ಪ ನನ್ನ ಪಕ್ಕ ಬಂಡೆಯ ಮೇಲೆ ನಿಂತು ಅವರ ಫೋನಿಗೆ ಹಚ್ಚಿದ್ದ. ಅವರು ಎತ್ತಿದರು ಕೂಡ. ಆದರೆ ಲಗಮಪ್ಪ “ಸಾಹೇಬ್ರ, ಹೊಳ್ಳಿ ಬರ್ರಿ!” ಎಂಬುದನ್ನು ಮೊದಲು ಹೇಳಿ, ಕಾರಣವನ್ನು ಆಮೇಲಕ್ಕೆ ಇಟ್ಟುಕೊಂಡ. “ನಿಮ್ಮ ಪ್ರೀತಿ ದೊಡ್ಡದು ಲಗಮಪ್ಪನವರೇ” ಎಂದು ಅವರು ಫೋನ್ ಬಂದ್ ಮಾಡಿದರು.

ಬೇರೆ ದಾರಿ ಇರಲಿಲ್ಲ. ಲಾಡ್ಜಿನ ಗಾದಿಯನ್ನು, ಅದರ ಮೇಲೆ ಊರಲ್ಲಿದ್ದ ಎಲ್ಲ ಕೌದಿಗಳನ್ನು ಟ್ರೇಲರಿಗೆ ಹಾಸಿದೆವು. ಸುಮನ್‌ಳನ್ನು ಎತ್ತಿ ಮಲಗಿಸಿದೆವು. ಸುತ್ತಲೂ ಎಂಟು ಮಂದಿ ಕೂತು ಗಾದಿಯ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದೆವು, ಕುಲುಕು ನಮ್ಮ ತೋಳಿಗೆ ಬರಲಿ, ಅವಳಿಗೆ ಬೇಡ ಎಂದು. ರಮಜಾನಸಾಬ ಟ್ರ್ಯಾಕ್ಟರನ್ನು ಹಾಲಿನ ಕೊಡ ಹೊತ್ತವನಂತೆ ನಡೆಸಿದ. ದಾರಿಯಲ್ಲಿ ಸಿಕ್ಕಿದ ಅಲ್ಲವ್ವನನ್ನು ಎಳೆದು ಹತ್ತಿಸಿಕೊಂಡೆವು. ಅವಳ ಪಾದಗಳಿಂದ ರಕ್ತ ಇಳಿಯುತ್ತಿತ್ತು. ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ನಾ ಮದಲ ಎಬ್ಬಿಸಬೇಕಿತ್ತು, ನಾ ಮದಲ ಎಬ್ಬಿಸಬೇಕಿತ್ತು” ಎನ್ನುತ್ತಲೇ ಇದ್ದಳು. ಸುಮನ್‌ಳ ತುಟಿ ನೀಲಿಗಟ್ಟುತ್ತಿತ್ತು. ನನ್ನ ಬಾಯಲ್ಲಿ ಒಂದು ಕತೆಯೂ ಇರಲಿಲ್ಲ.

ಗುಡ್ಡ ಇಳಿದು ಡಾಂಬರು ರಸ್ತೆಗೆ ಬಂದಾಗ ಕಾರು ಕಂಡಿತು. ನಿಂತಿತ್ತು. ಕುರುಬರ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ನಮ್ಮ ಕಡೆಯ ಹಿಂಡು ದಾಟಲು ಹಿಡಿದರೆ ಮದುವೆ ಮುಗಿಸಿ ಬಂದರೂ ಬಾಲ ಕಾಣುವುದಿಲ್ಲ. ಟ್ರ್ಯಾಕ್ಟರು ಪಕ್ಕಕ್ಕೆ ಹೋಗಿ ನಿಂತಿತು. ಶ್ರೀವತ್ಸ ತಿರುಗಿ ನೋಡಿದರು, ಊರಿಗೆ ಊರೇ ಟ್ರೇಲರಿನಲ್ಲಿ ಅಳುತ್ತ ಬಂದು ನಿಂತಿದೆ. ಅವರ ಮುಖದಲ್ಲಿ ನಾನು ಕಂಡ ಭಯವನ್ನು ಚಿರತೆ ಕಂಡವರ ಮುಖದಲ್ಲೂ ಕಂಡಿಲ್ಲ. ಕಿಟಕಿ ಏರಿಸಿದರು. ಬಾಗಿಲ ಲಾಕು ಬಿದ್ದ ಸದ್ದು ನಮಗೆ ಕೇಳಿತು.

ಅಲ್ಲವ್ವ ಗಾಜಿಗೆ ಎರಡೂ ಕೈ ಬಡಿದಳು. “ತಗೀರೀ! ನಿಮ್ಮ ಪಾದಕ್ಕ ಬೀಳ್ತೀನಿ, ತಗೀರೀ!”

ಒಳಗಿನಿಂದ ಅವರು ತಲೆ ಅಲ್ಲಾಡಿಸುತ್ತಿದ್ದರು. ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು. “ಇಲ್ಲ ಅಮ್ಮಾ, ಈ ಸಲ ಇಲ್ಲ. ಅವಳೇ ಹೇಳಿದಾಳೆ, ನಿಲ್ಲಬೇಡಿ ಅಂತ.”

ಆಗ ಸುಮನ್ ಗಾದಿಯ ಮೇಲೆ ಮೊಣಕೈ ಊರಿ ಎದ್ದಳು. ಹೇಗೆ ಎದ್ದಳೋ. ಟ್ರೇಲರಿನ ಅಂಚಿನ ಮೇಲೆ ಅವಳ ಬೆವರಿದ ಮುಖ ಮಾತ್ರ ಕಾಣುತ್ತಿತ್ತು.

“ನಾನ ಹೇಳಾಕತ್ತೇನಿ,” ಎಂದಳು. “ಹೋಗಬ್ಯಾಡ್ರಿ.”

ಇಷ್ಟು ದಿನದಲ್ಲಿ ‘ಹೋಗಿ’ ಎಂದವಳು ಅವಳೊಬ್ಬಳೇ. ಅವರು ಅವಳನ್ನು ನೋಡಿದರು. ಲಾಕು ತೆರೆಯಿತು.

ಹಿಂದಿನ ಸೀಟಿನಲ್ಲಿ ಅವಳು, ಅಲ್ಲವ್ವ, ಹಮೀದಾಬಿ. ಮುಂದೆ ಲಗಮಪ್ಪ ಮತ್ತು ಅವನ ತೊಡೆಯ ಮೇಲೆ ನಾನು. ನಾನೇಕೆ ಎಂದು ಯಾರೂ ಕೇಳಲಿಲ್ಲ. ರಮಜಾನಸಾಬ ಕುರಿಗಳ ನಡುವೆ ಇಳಿದು, ಎರಡೂ ಕೈ ಬೀಸಿ ಕಾರಿಗೆ ದಾರಿ ಬಿಡಿಸಿದ. ಎದುರಿನಿಂದ ಬಂದ ಆಂಬುಲೆನ್ಸ್ ಅರ್ಧ ದಾರಿಯಲ್ಲಿ ಸಿಕ್ಕಿತು. ಅವಳನ್ನು ಅದಕ್ಕೆ ಸಾಗಿಸಿದ ಮೇಲೆ ಕಾರು ಅದರ ಬೆನ್ನು ಹತ್ತಿತು.

ಗೋಕಾಕದ ದವಾಖಾನೆಯ ಉದ್ದನೆಯ ಬಾಕಿನ ಮೇಲೆ ನಾವು ಒಬ್ಬರನ್ನೊಬ್ಬರು ನೋಡದೆ ಕೂತೆವು. ಅಲ್ಲವ್ವ ಕೂರಲಿಲ್ಲ. ಒಳಗಿನ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ಹೊತ್ತು ಮುಳುಗುವಾಗ ಹಮೀದಾಬಿ ಹೊರಗೆ ಬಂದು ಗೋಡೆಗೆ ಒರಗಿ ಸೀದಾ ನೆಲದ ಮೇಲೆ ಕೂತಳು. “ಹೆಣ್ಣ ಕೂಸು,” ಎಂದಳು. “ಕೊಯ್ದು ತಗದ್ರು. ಸುಮಿ ಕಣ್ಣ ತಗದಾಳ. ‘ಖೋಲಿ ಖಾಲಿ ಐತಿಲ್ಲೋ’ ಅಂತ ಕೇಳಿದ್ಲು.”

ಅಲ್ಲವ್ವ ಬಾಗಿಲಿನಿಂದ ಹಣೆ ತೆಗೆದಳು, ಅಷ್ಟೇ.

ಸ್ವಲ್ಪ ಹೊತ್ತು ಬಿಟ್ಟು ಶ್ರೀವತ್ಸ ಎದ್ದರು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವಳ ಎದುರು ಬಂದು ಕೈಮುಗಿದರು.

“ಹಾಗಾದರೆ ಅಮ್ಮಾ… ನಾನು ಹೊರಡ್ಲಾ?”

ನಾವೆಲ್ಲ ಅಲ್ಲವ್ವನ ಬಾಯಿ ನೋಡಿದೆವು. ಅದು ತೆರೆಯಿತು. ನಾಲಿಗೆ ಹಲ್ಲಿಗೆ ತಾಗಿದ್ದೂ ಕಂಡಿತು. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಒಂದು ಕ್ಷಣ ಕಚ್ಚಿದಳು. ಆಮೇಲೆ ತೆಗೆದು, ಕಲ್ಲು ಎತ್ತಿದವಳಂತೆ ಉಸಿರು ಬಿಟ್ಟು ಹೇಳಿದಳು.

“ಹೂಂ. ಹೋಗಿ ಬರ್ರಿ.”

ಶ್ರೀವತ್ಸ ತಲೆ ಆಡಿಸಿದರು. ಆದರೆ ಹೋಗಲಿಲ್ಲ. ಇನ್ನೇನಾದರೂ ಬರುತ್ತದೆಯೇ ಎಂದು ಕಾದಂತೆ ನಿಂತರು. ಏನೂ ಬರಲಿಲ್ಲ. ಅವರ ಮುಖ ಸ್ವಲ್ಪ ಸಣ್ಣದಾಯಿತು. ಹೊರಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದರು. ಅಲ್ಲವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವರು ಹೋದರು.

ಕಾರಿನ ಸದ್ದು ಅಡಗಿದ ಮೇಲೆ ಲಗಮಪ್ಪ ಮೆಲ್ಲಗೆ ಅಂದ, “ಪಾಪ. ಉಂಡು ಹೋಗ್ರಿ ಅಂತನಾದ್ರೂ ಅನಬೇಕಿತ್ತು.”

“ಬಾಯಿ ಮುಚ್ಚೋ,” ಎಂದಳು ಅಲ್ಲವ್ವ ಬೆರಳುಗಳ ಸಂದಿಯಿಂದ, ಮತ್ತು ಮಗಳ ಬಾಗಿಲಿಗೆ ಬೆನ್ನು ಕೊಟ್ಟು, ಇನ್ನೊಬ್ಬರು ಯಾರೂ ಒಳಗೆ ಹೋಗದ ಹಾಗೆ, ಕೂತಳು.